ಲಂಡನ್‌ಗೆ ನೂರು ವರ್ಷ ಸಿಕ್ಕಿತ್ತು, ಢಾಕಾಕ್ಕೆ ಯಾಕೆ ಸಿಗಲಿಲ್ಲ? ಶ್ರೀಮಂತ ದೇಶದ ನಗರ, ಬಡ ದೇಶದ ನಗರ

ಸಮಾಜ ಟೀಚರ್ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಗರೀಕರಣದ ಪಾಠ ಬಂದಾಗಲೆಲ್ಲ ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ. "ಮಿಸ್, ನಗರ ಬೆಳೆದರೆ ದೇಶ ಶ್ರೀಮಂತ ಆಗುತ್ತೆ ಅಂತೀರಿ. ಹಾಗಾದ್ರೆ ಢಾಕಾ, ಲಾಗೋಸ್ ಯಾಕೆ ಇನ್ನೂ ಬಡವಾಗಿವೆ?" ನ್ಯಾಯವಾದ ಪ್ರಶ್ನೆ. ಪಾಠದಲ್ಲಿ ಉತ್ತರ ಇಲ್ಲ.

ನಾನು ಓದಿಕೊಂಡಷ್ಟು ಹೇಳುತ್ತೇನೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು 80 ಜನ ನಗರವಾಸಿಗಳು. ತೀರಾ ಬಡ ದೇಶಗಳಲ್ಲಿ ಮೂರನೇ ಒಂದು ಭಾಗ. ನಮ್ಮಲ್ಲಿ 2011ರ ಜನಗಣತಿ ಪ್ರಕಾರ ನೂರಕ್ಕೆ 31, ಕರ್ನಾಟಕದಲ್ಲಿ 38. ಇಷ್ಟು ನೋಡಿದರೆ ಲೆಕ್ಕ ಸರಳ ಅನಿಸುತ್ತದೆ. ಆದರೆ ಬ್ರೆಜಿಲ್‌ನಲ್ಲಿ ನೂರಕ್ಕೆ 87 ಜನ ನಗರದಲ್ಲಿದ್ದಾರೆ. ಜರ್ಮನಿಗಿಂತ ಜಾಸ್ತಿ! ಹಾಗಂತ ಬ್ರೆಜಿಲ್ ಜರ್ಮನಿಗಿಂತ ಶ್ರೀಮಂತ ಅಲ್ವಲ್ಲ.

ನನಗೆ ದೊಡ್ಡ ವ್ಯತ್ಯಾಸ ಕಾಣುವುದು ವೇಗದಲ್ಲಿ. 1801ರಲ್ಲಿ ಲಂಡನ್ ಜನಸಂಖ್ಯೆ ಸುಮಾರು 10 ಲಕ್ಷ. 1901ರಲ್ಲಿ 65 ಲಕ್ಷ. ಆರೂವರೆ ಪಟ್ಟು ಬೆಳೆಯಲು ನೂರು ವರ್ಷ. ಢಾಕಾ 1950ರಲ್ಲಿ ಮೂರು ಲಕ್ಷ ಚಿಲ್ಲರೆ ಜನರ ಊರು. ವಿಶ್ವಸಂಸ್ಥೆಯ 2018ರ ಅಂದಾಜಿನಲ್ಲಿ ಎರಡು ಕೋಟಿಯ ಹತ್ತಿರ. ಎಪ್ಪತ್ತು ವರ್ಷ ತುಂಬುವ ಮೊದಲೇ ಐವತ್ತು ಪಟ್ಟಿಗೂ ಮೀರಿ ಬೆಳೆದಿದೆ. ಇಷ್ಟು ಜನಕ್ಕೆ ನೀರು, ಚರಂಡಿ, ಶಾಲೆ, ಬಸ್ಸು ಯಾರು ತಾನೇ ಕೊಡಬಲ್ಲರು?

ಅದೇ ಅಂದಾಜು ಇನ್ನೊಂದು ಮಾತು ಹೇಳುತ್ತದೆ. 2050ರ ಹೊತ್ತಿಗೆ ಭಾರತದ ನಗರಗಳಿಗೆ ಇನ್ನೂ 41 ಕೋಟಿ ಜನ ಸೇರುತ್ತಾರೆ. ಹಾಗಾಗಿ ಈ ಪ್ರಶ್ನೆ ನನ್ನ ತರಗತಿಯಲ್ಲಿ ಕೂತಿರುವ ಮಕ್ಕಳದ್ದೇ. ವೇಗ ಒಂದೇ ಕಾರಣವಾ? ತಿಳಿದವರು ಹೇಳಿ.

ಥೇಮ್ಸ್ ದಂಡೆ (ಲಂಡನ್):

ಮಿಸ್, ವೇಗ ಒಂದು ಕಾರಣ, ಹೌದು. ಆದರೆ ಲಂಡನ್ ಮೊದಲಿನಿಂದಲೂ ಚೊಕ್ಕವಾಗಿತ್ತು ಅನ್ನುವ ಚಿತ್ರ ಮಕ್ಕಳ ಮನಸ್ಸಿನಲ್ಲಿ ಕೂರಬಾರದು.

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ಒಂದು ವರದಿ ಕೊಟ್ಟರು. ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17. ರಟ್ಲೆಂಡ್ ಎಂಬ ಹಳ್ಳಿಗಾಡಿನ ಕೂಲಿಗಳಲ್ಲಿ 38. ಪುಟ್ಟ ಮಕ್ಕಳು ಅಷ್ಟು ಸಾಯುತ್ತಿದ್ದರು, ಸರಾಸರಿ ಅಷ್ಟು ಕೆಳಗೆ ಬಿದ್ದಿತ್ತು. ಕೂಲಿ ಜಾಸ್ತಿ ಸಿಗುವ ಊರಿಗೆ ಹೋದವರು ಬೇಗ ಸಾಯುತ್ತಿದ್ದರು.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಬ್ಲೀಚಿನಲ್ಲಿ ಅದ್ದಿ ನೇತುಹಾಕಿದರು. ನದಿಯ ದಡದಲ್ಲೇ ಪಾರ್ಲಿಮೆಂಟ್ ಅಲ್ವಾ! ವರ್ಷಗಟ್ಟಲೆ ಎಳೆದಾಡಿದ ವಿಷಯಕ್ಕೆ ಕೆಲವೇ ವಾರಗಳಲ್ಲಿ ಕಾನೂನು ಬಂತು. 30 ಲಕ್ಷ ಪೌಂಡ್ ಸಾಲ ಎತ್ತಲು ಒಪ್ಪಿಗೆ ಸಿಕ್ಕಿತು. ಜೋಸೆಫ್ ಬಾಜಲ್ಜೆಟ್ ಎಂಬ ಎಂಜಿನಿಯರ್ 82 ಮೈಲಿ ಮುಖ್ಯ ಒಳಚರಂಡಿ ಕಟ್ಟಿದರು. 1866ರಲ್ಲಿ ಮತ್ತೆ ಕಾಲರಾ ಬಂತು. ಹೆಚ್ಚು ಸತ್ತಿದ್ದು ಪೂರ್ವ ಲಂಡನ್ನಿನ ಬಡವರು, ಅವರ ಕಡೆಯ ಲೈನ್ ಇನ್ನೂ ಚಾಲೂ ಆಗಿರಲಿಲ್ಲ. ಆಮೇಲೆ ಲಂಡನ್ನಿಗೆ ಅಂಥ ಕಾಲರಾ ಬರಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲ್ಲ. 19ನೇ ಶತಮಾನದ ಆರಂಭದಿಂದ 1930ರವರೆಗೆ ಸುಮಾರು 5 ಕೋಟಿ ಯುರೋಪಿಯನ್ನರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಅರ್ಜೆಂಟೀನಾಕ್ಕೆ ಹೊರಟುಹೋದರು. ಊರಲ್ಲಿ ಕೆಲಸ ಸಿಗದಿದ್ದರೆ ಹಡಗು ಹತ್ತಬಹುದಿತ್ತು. ವಸಾಹತುಗಳಿಂದ ಹಣವೂ ಬರುತ್ತಿತ್ತು, ನಮ್ಮ ದೇಶದಿಂದಲೂ. ಢಾಕಾದ ಹುಡುಗನಿಗೆ ಅಂಥ ಬಾಗಿಲು ಎಲ್ಲಿದೆ? ವೀಸಾ ಕೊಡುವವರು ಯಾರು?

ಯುಜಿಡಿ ಮಂಜ (ಬೆಂಗಳೂರು):

ಲಂಡನ್ ಸರ್ ಹೇಳಿದ್ದು ಓದಿ ಖುಷಿಯಾಯ್ತು. ನಾನು ಒಳಚರಂಡಿ ಲೈನ್ ಹಾಕಿಸುವ ಸಣ್ಣ ಕಂಟ್ರಾಕ್ಟರ್. ಗುಂಡಿಯಲ್ಲಿ ಇಳಿದು ನೋಡಿದವನ ಮಾತು ಸ್ವಲ್ಪ ಕೇಳಿ.

ಖಾಲಿ ಜಾಗದಲ್ಲಿ ಪೈಪ್ ಹಾಕುವುದು ಬೇರೆ. ಮನೆ ತುಂಬಿದ ಮೇಲೆ ಹಾಕುವುದು ಬೇರೆಯೇ ಕೆಲಸ.

ಕೊಳಚೆ ನೀರು ಇಳಿಜಾರಿದ್ದರೆ ಮಾತ್ರ ಹರಿಯುತ್ತದೆ. ಸಣ್ಣ ಲೈನ್ ಆದರೆ ನೂರು ಅಡಿಗೆ ಅರ್ಧ ಅಡಿಯಾದರೂ ಇಳಿಸಬೇಕು. ಸಾವಿರ ಅಡಿ ರಸ್ತೆ ಅಂದರೆ ಆ ತುದಿಯಲ್ಲಿ ಪೈಪು ಐದು ಅಡಿ ಕೆಳಗೆ ಹೋಗಿರುತ್ತದೆ. ಖಾಲಿ ಲೇಔಟಿನಲ್ಲಿ ಜೆಸಿಬಿ ಇಳಿಸಿ ಲೆವೆಲ್ ನೋಡಿಕೊಂಡು ಹೋದರೆ ಮುಗಿಯಿತು. ರೆವಿನ್ಯೂ ಲೇಔಟಿಗೆ ಬನ್ನಿ, ಅಂದರೆ ಮಂಜೂರಾತಿ ಇಲ್ಲದೆ ಹೊಲವನ್ನೇ ಸೈಟು ಮಾಡಿ ಮಾರಿದ ಕಡೆಗೆ. ರಸ್ತೆ ಹದಿನೈದು ಅಡಿ. ಎರಡೂ ಕಡೆ ಮೂರು ಅಂತಸ್ತು. ಪಾಯ ಎಷ್ಟು ಆಳ ಅಂತ ಕಟ್ಟಿಸಿದವರಿಗೇ ಗೊತ್ತಿರಲ್ಲ. ಅಗೆದರೆ ಮೊದಲು ಯಾರದೋ ಬೋರ್‌ವೆಲ್ ಪೈಪು, ಆಮೇಲೆ ನಲ್ಲಿ ಲೈನು, ಅದರ ಪಕ್ಕ ಕರೆಂಟ್ ಕೇಬಲ್, ಇಂಟರ್ನೆಟ್ ಕೇಬಲ್. ಜೆಸಿಬಿ ಒಳಗೆ ತಿರುಗಲ್ಲ. ಗುದ್ದಲಿ, ಹಾರೆಯಲ್ಲೇ ಕೆಲಸ. ಅಗೆದ ಮಣ್ಣು ಹಾಕಲು ಜಾಗ ಇಲ್ಲ. ಒಂದು ಮಳೆ ಬಂದರೆ ಅಷ್ಟೂ ಮಣ್ಣು ವಾಪಸ್ ಗುಂಡಿಗೆ. ಪಕ್ಕದ ಮನೆಯ ಸಂಪ್ ಬಿರುಕು ಬಿಟ್ಟರೆ ಅವರ ಜೊತೆ ಜಗಳ.

ಇಷ್ಟಾದ ಮೇಲೂ ಕೆಲವು ಮನೆಗಳ ನೆಲ ರಸ್ತೆಗಿಂತ ಕೆಳಗಿರುತ್ತದೆ. ಅವರ ನೀರು ನಮ್ಮ ಲೈನಿಗೆ ಹತ್ತುವುದೇ ಇಲ್ಲ. ಜೋರು ಮಳೆಯಲ್ಲಿ ಲೈನಿನ ನೀರು ಅವರ ಬಚ್ಚಲಲ್ಲಿ ಉಕ್ಕುತ್ತದೆ. ಅವರು ಹಳೇ ಪಿಟ್ ಗುಂಡಿಯನ್ನೇ ಇಟ್ಟುಕೊಳ್ಳುತ್ತಾರೆ. ಆ ಗುಂಡಿಗೂ ಬೋರ್‌ವೆಲ್‌ಗೂ ಎಷ್ಟು ದೂರ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ನನ್ನ ಅನುಭವದಲ್ಲಿ ಖರ್ಚು ಎರಡು ಮೂರು ಪಟ್ಟು. ಕೆಲವು ಕಡೆ ಲೈನ್ ಹಾಕಲು ಆಗುವುದೇ ಇಲ್ಲ.

ಬಸವನಗುಡಿ, ಮಲ್ಲೇಶ್ವರದಲ್ಲಿ ಕೆಲಸ ಮಾಡಿ ನೋಡಿ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು. ರಸ್ತೆ ಗುರುತು ಮಾಡಿ, ಮನೆ ಹಿಂದೆ ಕಸ, ಕೊಳಚೆ ಸಾಗಿಸಲು ಕನ್ಸರ್ವೆನ್ಸಿ ಓಣಿ ಬಿಟ್ಟು, ಆಮೇಲೆ ಸೈಟು ಕೊಟ್ಟರು. ಇವತ್ತಿಗೂ ಪೈಪ್ ಹಾಕಲು ಜಾಗ ಇದೆ. ಅವತ್ತು ನಮ್ಮ ರಾಜ್ಯ ಶ್ರೀಮಂತವಾಗಿತ್ತಾ? ಇಲ್ಲ. ಮನೆಗಿಂತ ಮೊದಲು ರಸ್ತೆ ಬಂತು, ಅಷ್ಟೇ.

ಸಮಾಜ ಟೀಚರ್:

ಮಂಜಣ್ಣ, ಇದನ್ನು ಹಾಗೇ ತರಗತಿಯಲ್ಲಿ ಓದಿ ಹೇಳುತ್ತೇನೆ. ಒಂದು ಸಂಶಯ. ಲಂಡನ್ನಿನಲ್ಲೂ ಜನ ಮೊದಲು ಬಂದರು, ಚರಂಡಿ ಆಮೇಲೆ ಬಂತು. ಢಾಕಾದಲ್ಲೂ ಹಾಗೇ. ಹಾಗಿದ್ದರೆ ಅಲ್ಲಿ ಒತ್ತಾಯದಿಂದ ಆದ ಕೆಲಸ ಇಲ್ಲಿ ಯಾಕೆ ಆಗುತ್ತಿಲ್ಲ?

ಸಮುದಾಯ ಆರೋಗ್ಯ (ಹುಬ್ಬಳ್ಳಿ):

ಟೀಚರ್, ನಾನು ವೈದ್ಯೆ. ನಿಮ್ಮ ಸಂಶಯಕ್ಕೆ ನನ್ನ ಕಡೆಯಿಂದ ಒಂದು ಉತ್ತರ ಇದೆ.

ಹಳೇ ಯುರೋಪಿನ ದೊಡ್ಡ ಊರುಗಳಲ್ಲಿ ಬಹಳ ಕಾಲ ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ ಇದ್ದರು. ಹಳ್ಳಿಯಿಂದ ಜನ ಬಂದು ತುಂಬಿದರೆ ಮಾತ್ರ ಊರು ಬೆಳೆಯುತ್ತಿತ್ತು. ಚರಂಡಿ ಇಲ್ಲದೆ ಬದುಕುವ ದಾರಿ ಇರಲಿಲ್ಲ. ಹಾಗಾಗಿ ಚರಂಡಿ ಕಟ್ಟಲೇಬೇಕಾಯ್ತು.

ಈಗ ಢಾಕಾಕ್ಕೆ ಬನ್ನಿ. ಅಲ್ಲಿನ ಕಾಲರಾ ಸಂಶೋಧನಾಲಯದಲ್ಲಿ 1968ರಲ್ಲಿ ಓಆರ್‌ಎಸ್ ಪ್ರಯೋಗ ಗೆದ್ದಿತು. ಮೂರು ವರ್ಷದ ನಂತರ, ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, ಗಡಿಯ ಈಚೆ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಅದನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. 1980ರ ದಶಕದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಬಾಂಗ್ಲಾದೇಶದ ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದರು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ಜೊತೆಗೆ ಲಸಿಕೆ, ಆಂಟಿಬಯೋಟಿಕ್. ಮಕ್ಕಳು ಉಳಿದರು. ಮನುಷ್ಯರು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ನಂಬಿದ್ದೇನೆ.

ಆದರೆ ಇದರ ಪರಿಣಾಮ ನೋಡಿ. ಚರಂಡಿ ಇಲ್ಲದ ಊರಿನಲ್ಲೂ ಜನ ಬದುಕಿ ಉಳಿಯುತ್ತಾರೆ. ಊರು ತನ್ನ ಮಕ್ಕಳಿಂದಲೇ ಬೆಳೆಯುತ್ತದೆ. ನಮ್ಮ ದೇಶದಲ್ಲಿ 2001ರಿಂದ 2011ರವರೆಗೆ ನಗರದ ಜನಸಂಖ್ಯೆ ಏರಿದ್ದಕ್ಕೆ ದೊಡ್ಡ ಕಾರಣ ವಲಸೆ ಅಲ್ಲ, ನಗರದಲ್ಲೇ ಹುಟ್ಟಿದ ಮಕ್ಕಳು.

ಎರಡನೆಯದು ಇನ್ನೂ ಕಹಿ. 1858ರಲ್ಲಿ ಶ್ರೀಮಂತನಿಗೂ ಅದೇ ಗಾಳಿ, ಎಷ್ಟೋ ಕಡೆ ಅದೇ ನೀರು. ಪಾರ್ಲಿಮೆಂಟಿನವರೂ ಮೂಗು ಮುಚ್ಚಿಕೊಂಡರು. ಈಗ ದುಡ್ಡಿದ್ದವರಿಗೆ ಆರ್‌ಒ ಮಷಿನ್ ಇದೆ, ಟ್ಯಾಂಕರ್ ಇದೆ, ಜನರೇಟರ್ ಇದೆ, ಅಪಾರ್ಟ್‌ಮೆಂಟಿನದ್ದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದೆ. ಊರಿನ ನಲ್ಲಿ ಕೆಟ್ಟರೂ ಅವರ ಮನೆಯ ನೀರು ನಿಲ್ಲಲ್ಲ. ಢಾಕಾದಲ್ಲಿ ಗುಲ್ಶನ್ ಎಂಬ ಸಿರಿವಂತರ ಬಡಾವಣೆ, ಕೆರೆಯ ಆಚೆ ದಡದಲ್ಲೇ ಕೊರೈಲ್ ಎಂಬ ದೊಡ್ಡ ಬಸ್ತಿ. ನಡುವೆ ಇರುವುದು ಬರೀ ನೀರು. ಊರಿಡೀ ಒಂದೇ ಪೈಪಿಗೆ ಕಾಯುವಂತಿದ್ದರೆ ಆ ಪೈಪು ಯಾವತ್ತೋ ಬರುತ್ತಿತ್ತು.

ಲಿಂಗಸುಗೂರು ಹುಡುಗ:

ಡಾಕ್ಟರಮ್ಮ ಹೇಳಿದ್ದು ನಿಜ. ಆದರೆ ಕೆಲಸದ ಮಾತು ಯಾರೂ ಎತ್ತಲಿಲ್ಲ.

ನಮ್ಮ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿ ಬಂದು ಮುಂಗಡ ಕೊಡುತ್ತಿದ್ದ. ಕಟ್ಟಡದ ಪಕ್ಕ ನೀಲಿ ಟಾರ್ಪಾಲಿನ ಶೆಡ್. ಹಗಲು ಸಿಮೆಂಟಿನ ಡ್ರಮ್ಮಿನ ನೀರು ಕ್ಯೂರಿಂಗಿಗೆ, ಸಂಜೆ ಅದೇ ಡ್ರಮ್ಮಿನ ನೀರು ಸ್ನಾನಕ್ಕೆ. ಕಟ್ಟಡ ಮುಗಿದರೆ ಶೆಡ್ ಬಿಚ್ಚಿ ಮುಂದಿನ ಸೈಟು. ನಾನು ಊರಲ್ಲಿ ಅಜ್ಜಿ ಹತ್ತಿರ. ರೇಷನ್ ಕಾರ್ಡ್ ಊರಲ್ಲಿ, ವೋಟು ಊರಲ್ಲಿ. ಬೆಂಗಳೂರಿನ ಕಾರ್ಪೊರೇಟರ್‌ಗೆ ಅವರ ಮತ ಬೇಕಾಗಿರಲಿಲ್ಲ, ನೀರು ಕೊಡುವ ಗರಜೂ ಇರಲಿಲ್ಲ. 2020ರಲ್ಲಿ ಲಾಕ್‌ಡೌನ್ ಆದಾಗ ಇಡೀ ದೇಶ ನೋಡಿತಲ್ಲ, ಎಷ್ಟು ಜನ ಹೊರಟರು ಅಂತ. ನಗರ ಅವರನ್ನು ತನ್ನವರು ಅಂದುಕೊಂಡಿರಲೇ ಇಲ್ಲ.

ಮ್ಯಾಂಚೆಸ್ಟರಿನ ಕೂಲಿಗೆ ನರಕವೇ ಇತ್ತು, ಒಪ್ಪಿದೆ. ಆದರೆ ಗಿರಣಿ ಇತ್ತು. ಮುಂದೆ ಸಂಘ ಕಟ್ಟಿದರು, ಮತದ ಹಕ್ಕು ಕೇಳಿದರು, ಹೆಂಡತಿ ಮಕ್ಕಳು ಅಲ್ಲೇ ನೆಲೆಯೂರಿದರು. ನಮ್ಮ ದೇಶದಲ್ಲಿ ನೂರು ದುಡಿಯುವವರಲ್ಲಿ ಫ್ಯಾಕ್ಟರಿ, ತಯಾರಿಕೆ ಕೆಲಸದಲ್ಲಿರುವವರು ಹನ್ನೊಂದು ಹನ್ನೆರಡು ಜನ. ಹಳ್ಳಿ ಬಿಟ್ಟು ನಗರಕ್ಕೆ ಬಂದವರಿಗೆ ಹೆಚ್ಚಾಗಿ ಸಿಗುವುದು ಕಟ್ಟಡ, ಡೆಲಿವರಿ, ಮನೆಗೆಲಸ, ಸೆಕ್ಯುರಿಟಿ. ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ 2016ರ ಲೇಖನದಲ್ಲಿ ಇದನ್ನೇ ಹೇಳಿದ್ದು: ಇವತ್ತಿನ ಬಡ ದೇಶಗಳಲ್ಲಿ ಕೈಗಾರಿಕೆ ಪೂರ್ತಿ ಬೆಳೆಯುವ ಮೊದಲೇ ಇಳಿಯಲು ಶುರುವಾಗಿದೆ. ತೈಲ ಮಾರಿ ಬದುಕುವ ಅಂಗೋಲದಲ್ಲಿ ಲುವಾಂಡಾ ದೊಡ್ಡ ನಗರ, ಆದರೆ ಅಲ್ಲಿ ಗಿರಣಿಗಳು ಕಡಿಮೆ. ದುಡ್ಡು ಬಂತು, ಅಷ್ಟು ಕೆಲಸ ಬರಲಿಲ್ಲ.

ತೋಟದವರು (ತೀರ್ಥಹಳ್ಳಿ):

ಇದಕ್ಕೆಲ್ಲ ಒಂದೇ ಪರಿಹಾರ, ಜನ ಹಳ್ಳಿಯಲ್ಲೇ ಉಳಿಯಬೇಕು. ಅಲ್ಲಿಗೇ ಕೆಲಸ ತನ್ನಿ. ನಗರಕ್ಕೆ ಬರುವವರನ್ನು ತಡೆಯದಿದ್ದರೆ ಯಾವ ಪೈಪೂ ಸಾಲಲ್ಲ.

ಲಿಂಗಸುಗೂರು ಹುಡುಗ:

ಅಣ್ಣಾ, ಹಳ್ಳಿಗೆ ಕೆಲಸ ತನ್ನಿ ಅನ್ನೋದು ನನಗೂ ಬೇಕು. ತಡೆಯೋದು ಮಾತ್ರ ಬೇಡ. ಬ್ರಿಟಿಷರು ನೈರೋಬಿಯಲ್ಲಿ ಅದನ್ನೇ ಮಾಡಿದರು. ಆಫ್ರಿಕನ್ ಗಂಡಸರ ಕೊರಳಿಗೆ ಕಿಪಾಂಡೆ ಎಂಬ ಪಾಸು ಕಟ್ಟಿದರು, ನಗರದಲ್ಲಿ ಕೆಲಸ ಇಲ್ಲದವನು ಇರುವ ಹಾಗಿರಲಿಲ್ಲ. ಅವರು ಹೇಗೂ ಊರಿಗೆ ಹೋಗುವವರು ಅಂತ ಅವರಿಗಾಗಿ ಮನೆಯನ್ನೂ ಸರಿಯಾಗಿ ಕಟ್ಟಲಿಲ್ಲ. 1963ರಲ್ಲಿ ಸ್ವಾತಂತ್ರ್ಯ ಬಂತು, ಜನ ಬಂದರು, ಕಿಬೇರಾದಂಥ ಬಸ್ತಿಗಳು ಉಬ್ಬಿದವು. ಚೀನಾ 1958ರಿಂದ ಹುಕೌ ಇಟ್ಟಿದೆ, ಯಾರು ಯಾವ ಊರಿನವರು ಅಂತ ಕಟ್ಟಿಹಾಕುವ ನೋಂದಣಿ. ಆದರೂ ಅಲ್ಲಿ ಈಗ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಜನ ನಗರದಲ್ಲಿದ್ದಾರೆ. ನಗರದ ಹುಕೌ ಇಲ್ಲದವರ ಮಕ್ಕಳಿಗೆ ನಗರದ ಶಾಲೆ ಸಿಗುವುದೇ ಕಷ್ಟವಾಗಿತ್ತು. ಬೇಲಿ ಹಾಕಿದರೆ ಜನ ನಿಲ್ಲಲ್ಲ, ಅವರ ಬದುಕು ಕೆಡುತ್ತದೆ ಅಷ್ಟೇ.

ಹಾನ್ ನದಿ ಕನ್ನಡಿಗ (ಸೋಲ್):

ಬಡ ದೇಶ ಶ್ರೀಮಂತ ಆದದ್ದಕ್ಕೆ ಕೊರಿಯಾ ಒಂದು ಉದಾಹರಣೆ, ಆದ್ದರಿಂದ ಬರೆಯುತ್ತಿದ್ದೇನೆ. 1960ರಲ್ಲಿ ದಕ್ಷಿಣ ಕೊರಿಯಾದಲ್ಲಿ ನೂರಕ್ಕೆ 28 ಜನ ನಗರದಲ್ಲಿದ್ದರು. 1990ರಲ್ಲಿ 74. ಮೂವತ್ತೇ ವರ್ಷ! ಟೀಚರ್ ಹೇಳಿದ ವೇಗದ ಮಾತು ಇಲ್ಲಿ ನಿಲ್ಲಲ್ಲ. ಸೋಲ್ 24 ಲಕ್ಷದಿಂದ ಒಂದು ಕೋಟಿ ದಾಟಿತು.

ಮೊದಮೊದಲು ಇಲ್ಲೂ ಹಲಗೆ ಗುಡಿಸಲುಗಳೇ. 1970ರಲ್ಲಿ ಅವಸರದಲ್ಲಿ ಕಟ್ಟಿದ ವಾವು ಅಪಾರ್ಟ್‌ಮೆಂಟ್ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. 1971ರಲ್ಲಿ ಸೋಲ್‌ನ ಬಡವರನ್ನು ಎತ್ತಿ ನೀರು, ಕೆಲಸ ಎರಡೂ ಇಲ್ಲದ ಗುಡ್ಡಕ್ಕೆ ಹಾಕಿದಾಗ ಸಾವಿರಾರು ಜನ ದಂಗೆ ಎದ್ದರು. ಈಗ ಅದು ಸೊಂಗ್ನಮ್ ನಗರ.

ಹೇಗೆ ದಾಟಿದರು? ಒಂದು, ಫ್ಯಾಕ್ಟರಿ ಕೆಲಸ. 1980ರ ದಶಕದ ಕೊನೆಗೆ ದುಡಿಯುವ ನೂರರಲ್ಲಿ 27ರ ಆಸುಪಾಸು ಜನ ತಯಾರಿಕೆಯಲ್ಲಿದ್ದರು. ಎರಡು, ಭೂಮಿ. ಇವತ್ತಿನ ಗಂಗ್ನಮ್ ಆಗ ತರಕಾರಿ, ಭತ್ತದ ಗದ್ದೆ. ರೈತರ ಜಮೀನನ್ನೆಲ್ಲ ಒಟ್ಟು ಮಾಡಿ, ರಸ್ತೆ, ಶಾಲೆಗೆ ಜಾಗ ತೆಗೆದು, ಉಳಿದದ್ದನ್ನು ಅವರಿಗೇ ಸೈಟಾಗಿ ವಾಪಸ್ ಕೊಟ್ಟರು. ಗದ್ದೆಯ ಕಾಲದಲ್ಲೇ ರಸ್ತೆ ಬಂತು. ಜಪಾನಿನಲ್ಲಿ ಇದು ಇನ್ನೂ ಹಳೆಯ ಪದ್ಧತಿ.

ಆದರೆ ಇದನ್ನೆಲ್ಲ ಮಾಡಿದ್ದು ಸರ್ವಾಧಿಕಾರ. 1988ರ ಒಲಿಂಪಿಕ್ಸ್‌ಗೆ ಮೊದಲು ಬಡವರ ಮನೆ ಕೆಡವಿದ ರೀತಿ ನೆನೆದರೆ ಮೈ ಜುಂ ಅನ್ನುತ್ತದೆ. ಅದನ್ನು ಮಾದರಿ ಅಂತ ನಾನು ಹೇಳಲ್ಲ. ಭೂಮಿ ಒಟ್ಟುಗೂಡಿಸುವ ಪದ್ಧತಿಗೆ ಸರ್ವಾಧಿಕಾರ ಬೇಕಿಲ್ಲ. ಗುಜರಾತಿನ ಟೌನ್ ಪ್ಲಾನಿಂಗ್ ಸ್ಕೀಮುಗಳಲ್ಲೂ ಅದೇ ನಡೆಯುತ್ತದೆ.

ಲೆಕ್ಕಪತ್ರ (ಮೈಸೂರು):

ನಿವೃತ್ತ ಆಡಿಟರ್ ನಾನು. ದುಡ್ಡಿನ ಮಾತು ಬರಲಿ ಅಂತ ಕಾಯುತ್ತಿದ್ದೆ. ಲಂಡನ್ ಸಾಲ ಎತ್ತಿತು, ಊರಿನವರ ತೆರಿಗೆಯಿಂದ ತೀರಿಸಿತು. ಸಾಲ ಎತ್ತಬೇಕಾದರೆ ನಗರದ ಹತ್ತಿರ ಸ್ವಂತ ಆದಾಯ ಇರಬೇಕು. ರಿಸರ್ವ್ ಬ್ಯಾಂಕಿನ 2022ರ ವರದಿ ಪ್ರಕಾರ ಭಾರತದ ನಗರಸಭೆಗಳ ಒಟ್ಟು ಆದಾಯ ಜಿಡಿಪಿಯ ಶೇ. 1ರ ಆಸುಪಾಸಿನಲ್ಲೇ ನಿಂತಿದೆ. ಬ್ರೆಜಿಲ್‌ನಲ್ಲಿ ಶೇ. 7.4, ದಕ್ಷಿಣ ಆಫ್ರಿಕಾದಲ್ಲಿ ಶೇ. 6. ಅವೇನು ಶ್ರೀಮಂತ ದೇಶಗಳಲ್ಲ. ದೇಶ ಬಡದು ಅನ್ನುವುದಕ್ಕಿಂತ ನಗರವನ್ನು ಬಡವಾಗಿ ಇಟ್ಟಿದ್ದೇವೆ ಅನ್ನಬೇಕು. ಚುನಾಯಿತ ನಗರಸಭೆಗಳಿಗೆ ಅಧಿಕಾರ ಕೊಡಬೇಕು ಅನ್ನುವ ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ಆಯ್ತು. ಆದರೂ ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಮುಂದಿನ ಐದು ವರ್ಷ ಚುನಾಯಿತ ಕಾರ್ಪೊರೇಟರ್ ಇಲ್ಲದೆಯೇ ಕಳೆಯಿತು. ತೆರಿಗೆ ಕೊಡುವವನು ಯಾರನ್ನು ಕೇಳಬೇಕು?

ಶ್ರೀಮಂತ ದೇಶದ ನಗರಗಳಿಗೆ ಈಗ ಉಲ್ಟಾ ಕಷ್ಟ. ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನ, 2020ರಲ್ಲಿ 6.4 ಲಕ್ಷ. ಪೈಪು ಅಷ್ಟೇ ಉದ್ದ, ತೆರಿಗೆ ಕೊಡುವವರು ಮೂರನೇ ಒಂದು ಪಾಲು. 2013ರಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಜಪಾನಿನಲ್ಲಿ 2023ರ ಸಮೀಕ್ಷೆಯಲ್ಲಿ 90 ಲಕ್ಷ ಮನೆ ಖಾಲಿ.

ಪಂಚಾಯ್ತಿ ಮೆಂಬರ್ (ಬೆಂಗಳೂರು ಹೊರವಲಯ):

ಎಲ್ಲ ಓದಿದೆ. ನಾನು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮೂರು ಕಾಗದದಲ್ಲಿ ಹಳ್ಳಿ, ಕಣ್ಣಿಗೆ ಪಟ್ಟಣ. ದೇಶದಲ್ಲಿ ಹೀಗೆ ನಗರದ ಲಕ್ಷಣ ಇದ್ದೂ ನಗರಸಭೆ ಇಲ್ಲದ ಊರುಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,894. ನಮ್ಮಲ್ಲಿ ಪಿಡಿಒ ಒಬ್ಬರೇ. ಕಸಕ್ಕೆ ಒಂದು ಆಟೋ. ಅಪಾರ್ಟ್‌ಮೆಂಟುಗಳು ಬರುತ್ತಲೇ ಇವೆ.

ಊರ ಪಡುವಣಕ್ಕೆ ಇನ್ನೂ ರಾಗಿ ಹೊಲ ಇದೆ. ಒಬ್ಬೊಬ್ಬರೇ ಮಾರುತ್ತಿದ್ದಾರೆ. ಅಲ್ಲಿಯಾದರೂ ಮಂಜಣ್ಣ ಹೇಳಿದ ಗತಿ ಬರಬಾರದು. ಲಂಡನ್, ಸೋಲ್ ಎಲ್ಲ ಸರಿ. ನಮ್ಮ ಹತ್ತಿರ ದುಡ್ಡಿಲ್ಲ. ಈಗ ಏನು ಮಾಡಬಹುದು?

ಥೇಮ್ಸ್ ದಂಡೆ:

ಅಕ್ಕಾ, ದುಡ್ಡಿಲ್ಲದೆಯೂ ಗೆರೆ ಎಳೆಯಬಹುದು. ನ್ಯೂಯಾರ್ಕ್ 1811ರಲ್ಲಿ ಮ್ಯಾನ್‌ಹಟನ್‌ನ 155ನೇ ಬೀದಿಯವರೆಗೆ ನಕ್ಷೆಯಲ್ಲಿ ರಸ್ತೆ ಗುರುತು ಮಾಡಿತು. ಆಗ ಅಲ್ಲಿದ್ದವರು ಒಂದು ಲಕ್ಷದಷ್ಟು ಜನ, ಬಹುಪಾಲು ಹೊಲ, ಕಾಡು. ಇತ್ತೀಚೆಗೆ ಇಥಿಯೋಪಿಯಾದ ಹವಾಸ್ಸ, ಅದಾಮಾದಂಥ ಊರುಗಳು ಹೊಲದ ನಡುವೆ ಮುಖ್ಯ ರಸ್ತೆಗಳ ಜಾಗವನ್ನು ಮೊದಲೇ ಹಿಡಿದಿಟ್ಟವು. ಡಾಂಬರು ಹಾಕುವಷ್ಟು ದುಡ್ಡು ಅವರಿಗೂ ಇರಲಿಲ್ಲ.

ಸಮುದಾಯ ಆರೋಗ್ಯ:

ಈಗಾಗಲೇ ಮನೆ ತುಂಬಿರುವ ಕಡೆಗೆ ಕರಾಚಿಯ ಓರಂಗಿ ನೋಡಿ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಶುರುಮಾಡಿದ ಕೆಲಸ. ಓಣಿಯವರೇ ದುಡ್ಡು ಹಾಕಿ ಓಣಿಯ ಲೈನ್ ಹಾಕಿಕೊಂಡರು, ಲೆವೆಲ್ ನೋಡುವುದನ್ನೂ ಕಲಿತರು. ಹತ್ತಿರ ಹತ್ತಿರ ಒಂದು ಲಕ್ಷ ಮನೆಗಳಿಗೆ ಚರಂಡಿ ಬಂತು. ಮುಖ್ಯ ಲೈನ್ ಮಾತ್ರ ಸರ್ಕಾರದ್ದೇ ಜವಾಬ್ದಾರಿ ಅಂತ ಅವರು ಕೊನೆವರೆಗೂ ಹಟ ಬಿಡಲಿಲ್ಲ. ಆ ಹಟ ನೀವೂ ಬಿಡಬೇಡಿ.

ಯುಜಿಡಿ ಮಂಜ:

ಮೆಂಬರಕ್ಕಾ, ಮೊದಲು ಗ್ರಾಮ ನಕ್ಷೆ ತೆಗೆಸಿ. ರಾಜಕಾಲುವೆ, ಹಳ್ಳ, ಕೆರೆಗೆ ನೀರು ಹೋಗುವ ದಾರಿ, ಬಂಡಿದಾರಿ ಎಲ್ಲಕ್ಕೂ ಕೆಂಪು ಗೆರೆ ಹಾಕಿ. ಮುಖ್ಯ ಲೈನ್ ಯಾವತ್ತಿದ್ದರೂ ಆ ತಗ್ಗಿನಲ್ಲೇ ಹೋಗಬೇಕು. ಅಲ್ಲಿ ಒಂದು ಮನೆ ಎದ್ದರೂ ಮೇಲಿನ ಇಡೀ ಬಡಾವಣೆಯ ನೀರು ಹರಿಯದೆ ನಿಂತುಬಿಡುತ್ತದೆ. ಆಮೇಲೆ ತಾಲ್ಲೂಕು ಸರ್ವೇಯರ್ ಕರೆಸಿ ಕಲ್ಲು ನೆಡಿಸಿ. ಮಾರುವ ರೈತರನ್ನು ಒಟ್ಟಿಗೆ ಕೂರಿಸಿ ಮಾತಾಡಿ. ಮೂವತ್ತು ಅಡಿ ರಸ್ತೆಗೆ ಮುಖ ಮಾಡಿದ ಸೈಟಿಗೂ ಹದಿನೈದು ಅಡಿ ಓಣಿಯ ಸೈಟಿಗೂ ರೇಟಿನಲ್ಲಿ ಎಷ್ಟು ವ್ಯತ್ಯಾಸ ಅಂತ ಅವರಿಗೇ ಚೆನ್ನಾಗಿ ಗೊತ್ತು. ರಸ್ತೆಗೆ ಬಿಟ್ಟ ಜಾಗ ನಷ್ಟ ಅಲ್ಲ ಅನ್ನೋದು ಬೇಗ ಅರ್ಥವಾಗುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಯೋಜನಾ ಪ್ರಾಧಿಕಾರಕ್ಕೆ ಕಳಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ನಿಮ್ಮ ಊರಿನ ಹೆಸರು ಮೆಸೇಜ್ ಮಾಡಿ. ನಮ್ಮ ಹತ್ತಿರ ಲೆವೆಲ್ ಮಷಿನ್ ಇದೆ, ಬಾಡಿಗೆ ಬೇಡ. ಕೋಲು ಹಿಡಿಯಲು ಇಬ್ಬರು ಹುಡುಗರು ಸಿಕ್ಕರೆ ಸಾಕು. ಟೀಚರ್, ನಿಮ್ಮ ಮಕ್ಕಳನ್ನೂ ಒಂದು ದಿನ ಕರೆದುಕೊಂಡು ಬನ್ನಿ.